ಆನ್‌ಲೈನಲ್ಲಿ ವೋಟರ್ ಲಿಸ್ಟ್‌ಗೆ ಹೆಸರು: ಸಬ್ಮಿಟ್ ಒತ್ತಿದ ಮೇಲೆ ಏನಾಗತ್ತೆ?

ಅಕ್ಕನ ಮಗಳಿಗೆ ಹದಿನೆಂಟಾಯ್ತು. ಒಂದು ಭಾನುವಾರ ಬೆಳಿಗ್ಗೆ ಎಲ್ರೂ ತಿಂಡಿ ತಿಂದು ಏಳೋಷ್ಟರಲ್ಲಿ ಅವಳು ಫೋನಲ್ಲೇ ಫಾರ್ಮ್ 6 ತುಂಬಿ, ಗ್ಯಾಲರಿಲಿ ನಾಲಿಗೆ ಚಾಚದೇ ಇರೋ ಒಂದು ಫೋಟೋ ಹೇಗೋ ಹುಡುಕಿ ಹಾಕಿ, ಸಬ್ಮಿಟ್ ಒತ್ತಿ "ಮಾಮಾ, ನನ್ ವೋಟರ್ ಐಡಿ ಆಯ್ತು" ಅಂದ್ಲು. ಆಗಿಲ್ಲ ಕಣೆ, ಈಗ ಶುರು ಆಯ್ತು ಅಂದೆ. ಮುಖ ಊದಿಸ್ಕೊಂಡ್ಲು. ಅವಳದ್ದೂ ತಪ್ಪಿಲ್ಲ ಬಿಡಿ, ಫೋನಲ್ಲಿ ಏನ್ ಒತ್ತಿದ್ರೂ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರೋ ಕಾಲದಲ್ಲಿ ಹುಟ್ಟಿರೋ ಹುಡುಗಿ, ಇದೂ ಹಂಗೇ ಅನ್ಕೊಂಡಿದ್ಲು. ಅವಳೊಬ್ಳೇ ಅಲ್ಲ, ನಮ್ಮ ಆಫೀಸಲ್ಲಿ ಇಂಜಿನಿಯರಿಂಗ್ ಓದಿ ಹದಿನೈದು ವರ್ಷ ಕೆಲಸ ಮಾಡಿರೋರು ಕೂಡ ಹಿಂಗೇ ಅನ್ಕೊಂಡು, ವೋಟಿಂಗ್ ದಿನ ಬೂತಿಗೆ ಹೋಗಿ ಲಿಸ್ಟಲ್ಲಿ ಹೆಸರಿಲ್ಲ ಅಂತ ವಾಪಸ್ ಬಂದು ವಾಟ್ಸಾಪ್ ಸ್ಟೇಟಸ್ ಹಾಕಿದ್ದನ್ನ ನೋಡಿದೀನಿ.

ಮೊದಲು ಒಂದು ವಿಷಯ ಬಿಡಿಸಿ ಹೇಳ್ತೀನಿ, ಉಳಿದಿದ್ದೆಲ್ಲ ಇದ್ರಿಂದಾನೇ ಅರ್ಥ ಆಗತ್ತೆ. ಚುನಾವಣಾ ಆಯೋಗದ ವೆಬ್‌ಸೈಟು, ಆ್ಯಪು ಇದೆಯಲ್ಲ, ಅದು ಅಂಚೆ ಡಬ್ಬ ಇದ್ದಂಗೆ. ಅರ್ಜಿ ಹಾಕೋ ಜಾಗ ಅಷ್ಟೇ. ನಿಮ್ಮ ಹೆಸರು ಸೇರಿಸ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ನಿಮ್ಮ ವಿಧಾನಸಭಾ ಕ್ಷೇತ್ರದ ಮತದಾರರ ನೋಂದಣಾಧಿಕಾರಿ, ಅದೂ ನಿಮ್ಮ ಏರಿಯಾದ ಬಿಎಲ್‌ಒ ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ ಬಂದು ನೋಡಿ ಕೊಟ್ಟ ವರದಿ ಮೇಲೆ. ಈ ಬಿಎಲ್‌ಒ ಅಂದ್ರೆ ದೊಡ್ಡ ಸಾಹೇಬ್ರಲ್ಲ. ಹೆಚ್ಚಿನ ಕಡೆ ಪಕ್ಕದ ಸರ್ಕಾರಿ ಶಾಲೆ ಮೇಷ್ಟ್ರೋ, ಅಂಗನವಾಡಿ ಟೀಚರ್ರೋ ಆಗಿರ್ತಾರೆ, ತಮ್ಮ ಕೆಲಸದ ಜೊತೆಗೆ ಇದನ್ನೂ ಹೊತ್ಕೊಂಡಿರ್ತಾರೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಕೇಳೋದು ಮುಖ್ಯವಾಗಿ ಎರಡೇ: ಭಾರತದ ನಾಗರಿಕರಾಗಿ ಹದಿನೆಂಟು ತುಂಬಿದ್ಯಾ, ಆ ಕ್ಷೇತ್ರದಲ್ಲಿ ನೀವು ಸಾಮಾನ್ಯವಾಗಿ ವಾಸ ಇದೀರಾ. ವಯಸ್ಸಿಗೆ ಮಾರ್ಕ್ಸ್ ಕಾರ್ಡ್ ಸಾಕು. ಎರಡನೇದಕ್ಕೆ ಯಾರಾದ್ರೂ ಮನುಷ್ಯ ಬಂದು ನಿಮ್ಮ ಮನೆ ಬಾಗಿಲು ತಟ್ಟಬೇಕು, ಕಂಪ್ಯೂಟರಿಗೆ ಅದು ಆಗಲ್ಲ.

ಹಂಗಾದ್ರೆ ಆನ್‌ಲೈನ್ ಬಂದು ಬದಲಾಗಿದ್ದೇನು ಅಂದ್ರೆ, ತುಂಬಾನೇ ಬದಲಾಗಿದೆ.

ಹಿಂದಿನ ಕಥೆ ಗೊತ್ತಿರೋರಿಗೆ ಗೊತ್ತು. ಆಗಿನ ಮುಖ್ಯ ಚುನಾವಣಾ ಆಯುಕ್ತ ಶೇಷನ್ ಸಾಹೇಬ್ರು 1993ರಲ್ಲಿ ಫೋಟೋ ಇರೋ ಗುರುತಿನ ಚೀಟಿ ತಂದ್ರು, ನಮ್ಮಪ್ಪ ಆಗ ಊರ ಶಾಲೇಲಿ ಸಾಲಲ್ಲಿ ನಿಂತು ತೆಗೆಸ್ಕೊಂಡ ಫೋಟೋದಲ್ಲಿ ಮೂಗು ಎಲ್ಲಿದೆ ಬಾಯಿ ಎಲ್ಲಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹೆಸರು ಸೇರಿಸ್ಬೇಕು ಅಂದ್ರೆ ತಾಲ್ಲೂಕು ಆಫೀಸಿಗೆ ಹೋಗ್ಬೇಕು, ಫಾರ್ಮ್ ಖಾಲಿ ಆಗಿದೆ ನಾಳೆ ಬನ್ನಿ ಅನ್ನೋರು, ನಾಳೆ ಹೋದ್ರೆ ಸಾಹೇಬ್ರು ಮೀಟಿಂಗಲ್ಲಿ, ಹೇಗೋ ಕೊಟ್ಟು ಬಂದ್ರೆ ಅದು ಯಾವ ಕಟ್ಟಿನಲ್ಲಿ ಸೇರ್ತು ಅನ್ನೋದು ಆ ದೇವರಿಗೇ ಗೊತ್ತು. 2015ರ ಜನವರಿ 25ಕ್ಕೆ, ಅಂದ್ರೆ ರಾಷ್ಟ್ರೀಯ ಮತದಾರರ ದಿನದಂದು, ದೇಶಕ್ಕೆಲ್ಲ ಒಂದೇ ಪೋರ್ಟಲ್ ಅಂತ ಎನ್‌ವಿಎಸ್‌ಪಿ ಶುರು ಆಯ್ತು, ಆಮೇಲೆ ವೋಟರ್ ಹೆಲ್ಪ್‌ಲೈನ್ ಆ್ಯಪ್ ಬಂತು, 2021ರಲ್ಲಿ ಫೋನಿಗೆ ಡೌನ್‌ಲೋಡ್ ಮಾಡ್ಕೊಳ್ಳೋ ಇ-ಎಪಿಕ್ ಬಂತು (ಎಪಿಕ್ ಅಂದ್ರೆ ವೋಟರ್ ಕಾರ್ಡೇ), ಈಗ ಎಲ್ಲ ಸೇರಿಸಿ ಇಸಿಐನೆಟ್ ಅಂತ ಮಾಡಿದಾರೆ. ಹೆಸರು ಬದಲಾಗ್ತಾ ಇರತ್ತೆ, ಕೆಲಸ ಅದೇ.

ನನ್ನ ಲೆಕ್ಕದಲ್ಲಿ ಇದರ ಅತಿ ದೊಡ್ಡ ಲಾಭ ಟೈಮ್ ಉಳಿಯೋದಲ್ಲ, ರೆಫರೆನ್ಸ್ ನಂಬರ್. ಸಬ್ಮಿಟ್ ಒತ್ತಿದ ತಕ್ಷಣ ಒಂದು ನಂಬರ್ ಬರತ್ತೆ, ಅದನ್ನ ಹಾಕಿದ್ರೆ ಅರ್ಜಿ ಬಂದಿದೆ, ಬಿಎಲ್‌ಒ ನೇಮಕ ಆಗಿದೆ, ಸ್ಥಳ ಪರಿಶೀಲನೆ ಆಗಿದೆ, ಒಪ್ಪಿದಾರೆ ಅಥವಾ ತಿರಸ್ಕರಿಸಿದಾರೆ ಅಂತ ಒಂದೊಂದೇ ಹಂತ ಕಾಣತ್ತೆ. ಕಾಗದದ ಕಾಲದಲ್ಲಿ "ನೀವು ಅರ್ಜಿನೇ ಕೊಟ್ಟಿಲ್ಲ" ಅಂದ್ಬಿಟ್ರೆ ಬಾಯಿ ಮುಚ್ಕೊಂಡು ಬರ್ಬೇಕಿತ್ತು, ಈಗ ಹಂಗೆ ಅನ್ನೋಕಾಗಲ್ಲ. ತಿರಸ್ಕಾರ ಆದ್ರೆ 15 ದಿನದೊಳಗೆ ಜಿಲ್ಲಾಧಿಕಾರಿ ಹಂತದಲ್ಲಿ ಮೇಲ್ಮನವಿ ಹಾಕಬಹುದು, ಅಲ್ಲೂ ಆಗ್ಲಿಲ್ಲ ಅಂದ್ರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಆದ್ರೆ ಮೇಲ್ಮನವಿ ಹಾಕೋಕೆ ಮೊದಲು ತಿರಸ್ಕಾರ ಆಗಿದೆ ಅಂತ ಗೊತ್ತಾಗಬೇಕಲ್ಲ, ಅದು ಗೊತ್ತಾಗೋದೇ ಈ ನಂಬರಿಂದ.

ಇನ್ನೊಂದು ಅನುಕೂಲ ಕಾನೂನಿಂದ ಬಂದಿದ್ದು. ಮುಂಚೆ ವರ್ಷಕ್ಕೆ ಒಂದೇ ಅರ್ಹತಾ ದಿನ, ಜನವರಿ 1. ಜನವರಿ 2ಕ್ಕೆ ಹದಿನೆಂಟು ತುಂಬಿದ ಪಾಪದ ಹುಡುಗ ಇಡೀ ಒಂದು ವರ್ಷ ಕಾಯ್ಬೇಕಿತ್ತು. 2022ರ ಆಗಸ್ಟ್ 1ರಿಂದ ನಾಲ್ಕು ದಿನ ಆಯ್ತು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ದಾಟಿದೋರು ಮುಂಗಡವಾಗೇ ಅರ್ಜಿ ಹಾಕಿ ಇಡಬಹುದು, ಆ ದಿನ ಬಂದಾಗ ಪರಿಗಣಿಸ್ತಾರೆ. ಕಾಲೇಜ್ ಹುಡುಗ್ರು ಇದಕ್ಕೋಸ್ಕರ ಕ್ಲಾಸ್ ಬಿಟ್ಟು ತಾಲ್ಲೂಕು ಆಫೀಸಿಗೆ ಹೋಗ್ತಾರಾ? ಕ್ಲಾಸ್ ಬಿಡ್ತಾರೆ, ಅಲ್ಲಿಗೆ ಹೋಗಲ್ಲ. ಫೋನಲ್ಲಿ ಆಗತ್ತೆ ಅಂದ್ರೆ ಮಾಡ್ತಾರೆ.

ಇನ್ನು ಊರು ಬಿಟ್ಟೋರ ಕಥೆ. ಬೆಂಗಳೂರಲ್ಲಿ ಅರ್ಧ ಜನದ ವೋಟು ಊರಲ್ಲೇ ಇದೆ, ಎಲೆಕ್ಷನ್ ಹಿಂದಿನ ರಾತ್ರಿ ಮೆಜೆಸ್ಟಿಕ್‌ಗೆ ಹೋಗಿ ನೋಡಿ ಗೊತ್ತಾಗತ್ತೆ. ಇಲ್ಲಿಗೆ ವೋಟು ವರ್ಗ ಮಾಡಿಸ್ಕೊಬೇಕು ಅಂದ್ರೆ ಈಗ ಊರಿನ ಆಫೀಸಿಗೂ ಇಲ್ಲಿನ ಆಫೀಸಿಗೂ ಎರಡೂ ಕಡೆ ಓಡಾಡ್ಬೇಕಾಗಿಲ್ಲ, ಆನ್‌ಲೈನಲ್ಲಿ ಫಾರ್ಮ್ 8 ಹಾಕಿದ್ರೆ ಸಾಕು. ಮತ್ತೆ ವಿಕಲಚೇತನರು ಅಂತ ಲಿಸ್ಟಲ್ಲಿ ಗುರುತು ಮಾಡಿಸ್ಕೊಳ್ಳೋದು ಕೂಡ ಇದೇ ಫಾರ್ಮ್ 8ರಲ್ಲಿ, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರೋರು, 85 ದಾಟಿದ ಹಿರಿಯರು ಮನೆಯಿಂದಲೇ ವೋಟ್ ಹಾಕೋ ವ್ಯವಸ್ಥೆ ಇದೆ, ಲಿಸ್ಟಲ್ಲಿ ಗುರುತು ಮೊದಲೇ ಇದ್ರೆ ಎಲೆಕ್ಷನ್ ಟೈಮಲ್ಲಿ ಪರದಾಟ ಕಡಿಮೆ.

ಇಲ್ಲಿಗೆ ಹೊಗಳಿಕೆ ಸಾಕು, ಈಗ ಎಡವೋ ಜಾಗಗಳಿಗೆ ಬರ್ತೀನಿ.

ಮೊದಲನೇದು ಹೆಸರು. ಸೋದರ ಸೊಸೆ ಪಕ್ಕದಲ್ಲಿ ಕೂತು ನೋಡಿದೆ. ಹೆಸರನ್ನ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಪಕ್ಕದ ಬಾಕ್ಸಲ್ಲಿ ಕನ್ನಡ ತಾನಾಗೇ ಮೂಡತ್ತೆ. ಇಂಗ್ಲಿಷ್ ಅಕ್ಷರಕ್ಕೆ ಲ ಯಾವ್ದು ಳ ಯಾವ್ದು, ನ ಯಾವ್ದು ಣ ಯಾವ್ದು, ದೀರ್ಘ ಎಲ್ಲಿ ಅಂತ ಗೊತ್ತಾಗಲ್ಲ. ಕಾಳಮ್ಮ ಕಲಮ್ಮ ಆಗ್ತಾಳೆ, ಕಮಲ ಕಮಾಲ ಆಗ್ತಾಳೆ, ವೀಣಾ ವಿನಾ ಆಗಿ ಮಾಯ ಆಗೋಗ್ತಾಳೆ. ನಮ್ಮ ಹುಡುಗಿ ಹೆಸರಲ್ಲಿ ಒಂದು ಳ ಇದೆ, ಅದು ಲ ಆಗಿತ್ತು, ಅವಳು ನೋಡ್ದೇ ಮುಂದಿನ ಪೇಜಿಗೆ ಹೋಗ್ತಿದ್ಲು. ತಡಿ ತಡಿ ಅಂದೆ. "ಕನ್ನಡದ್ದು ಯಾರು ನೋಡ್ತಾರೆ ಮಾಮಾ" ಅಂದ್ಲು. ಲೇ, ಬೂತಲ್ಲಿ ಪಟ್ಟಿ ಇಟ್ಕೊಂಡು ಕೂತಿರೋರು ಕನ್ನಡದಲ್ಲೇ ಹೆಸರು ಹುಡುಕೋದು ಅಂದೆ. ಪಾಪ ಕೋಪ ಬಂತು, ಆದ್ರೂ ತಿದ್ದಿದ್ಲು. ಆ ಕನ್ನಡ ಬಾಕ್ಸನ್ನ ನೀವೇ ಕೈಯಲ್ಲಿ ತಿದ್ದಬಹುದು, ದಯವಿಟ್ಟು ತಿದ್ದಿ, ತಂದೆ ಅಥವಾ ಗಂಡನ ಹೆಸರಿಗೂ ಅಷ್ಟೇ.

ಅದಕ್ಕಿಂತ ದೊಡ್ಡ ತಲೆನೋವು ಸರ್‌ನೇಮ್ ಬಾಕ್ಸು. ಉತ್ತರ ಕರ್ನಾಟಕದೋರಿಗೆ ತೊಂದ್ರೆ ಇಲ್ಲ, ಮೆಣಸಿನಕಾಯಿ ಅಂತಾನೋ ಅಂಗಡಿ ಅಂತಾನೋ ಅಡ್ಡಹೆಸರು ಇರತ್ತೆ. ಹಳೇ ಮೈಸೂರು ಕಡೆಯ ನಮಗೆ ಇರೋದು ಇನಿಷಿಯಲ್ಲು. ಒಂದು ಊರಿಂದು, ಒಂದು ಅಪ್ಪಂದು. ಆ ಬಾಕ್ಸ್ ಕಡ್ಡಾಯ ಅಲ್ಲ, ಸರ್‌ನೇಮ್ ಇದ್ರೆ ಮಾತ್ರ ಬರೀರಿ ಅಂತಾನೇ ಇದೆ, ಆದ್ರೂ ಖಾಲಿ ಬಿಡೋಕೆ ಹೆದರಿ ಜನ ಅಪ್ಪನ ಹೆಸರೋ ಊರಿನ ಹೆಸರೋ ತುಂಬಿಸ್ತಾರೆ, ಆಮೇಲೆ ಆಧಾರಲ್ಲಿ ಒಂದು, ವೋಟರ್ ಐಡಿಲಿ ಒಂದು, ಪ್ಯಾನಲ್ಲಿ ಇನ್ನೊಂದು, ಒಬ್ಬನೇ ಮನುಷ್ಯ ಮೂರು ಅವತಾರ. ಆಧಾರಲ್ಲಿ ಹೆಂಗಿದೆಯೋ ಹಂಗೇ ಹಾಕೋದು ಒಳ್ಳೇದು, ಯಾಕೆ ಅಂತ ಮುಂದೆ ಹೇಳ್ತೀನಿ.

ಎರಡನೇದು, ತಪ್ಪು ಫಾರ್ಮ್ ಆರಿಸೋದು. ಫಾರ್ಮ್ 6 ಅನ್ನೋದು ಜೀವನದಲ್ಲಿ ಮೊದಲ ಸಲ ಸೇರೋರಿಗೆ ಮಾತ್ರ. ಹುಬ್ಬಳ್ಳಿಲಿ ವೋಟಿದೆ, ಈಗ ಬೆಂಗಳೂರಿಗೆ ಬಂದಿದೀನಿ ಅನ್ನೋರು ಹಾಕ್ಬೇಕಾದ್ದು ಫಾರ್ಮ್ 8, ಹೆಸರು ತಿದ್ದೋಕೂ ಅದೇ, ಕಾರ್ಡ್ ಕಳ್ಕೊಂಡ್ರೂ ಅದೇ. ಆದ್ರೆ ಪೋರ್ಟಲ್ ತೆರೆದ ತಕ್ಷಣ ಕಣ್ಣಿಗೆ ಬೀಳೋದು ಹೊಸ ಮತದಾರರ ನೋಂದಣಿ ಅನ್ನೋದು, ಬೆಂಗಳೂರಿಗೆ ನಾನು ಹೊಸಬ ತಾನೇ ಅಂತ ಅದನ್ನೇ ಒತ್ತಿಬಿಡ್ತಾರೆ. ಎರಡು ಕಡೆ ಹೆಸರು ಬಂದ್ಬಿಡತ್ತೆ. ಎರಡು ಕಡೆ ಹೆಸರಿರೋದು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಆಗೋ ಹಂಗಿಲ್ಲ. ಬೇರೆಲ್ಲೂ ನನ್ನ ಹೆಸರಿಲ್ಲ ಅಂತ ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ರೆ 31ನೇ ಸೆಕ್ಷನ್ನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಆಫೀಸಲ್ಲಿ ಗುಮಾಸ್ತರ ಎದುರಿಗೆ ನಿಂತಿದ್ರೆ "ಮುಂಚೆ ಎಲ್ಲಿತ್ತಪ್ಪಾ ವೋಟು" ಅಂತ ಒಂದು ಮಾತು ಕೇಳ್ತಿದ್ರು, ಮೊಬೈಲು ಅದನ್ನ ಕೇಳಲ್ಲ, ಪುಟದ ಕೊನೆಗೆ ಒಂದು ಟಿಕ್ ಬಾಕ್ಸ್ ಇಟ್ಟು ಸುಮ್ನಾಗತ್ತೆ. ಟಿಕ್ ಬಾಕ್ಸ್ ಓದಿ ಟಿಕ್ ಮಾಡೋ ಮನುಷ್ಯನ್ನ ನಾನಂತೂ ನೋಡಿಲ್ಲ.

ಮೂರನೇದು ಬಾಡಿಗೆ ಮನೆಯೋರ ಗೋಳು. ವಿಳಾಸಕ್ಕೆ ದಾಖಲೆ ಅಂತ ಕೇಳೋ ಪಟ್ಟಿಲಿ ನೀರು, ಕರೆಂಟು, ಗ್ಯಾಸ್ ಬಿಲ್ಲು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್ ಎಲ್ಲ ಇದೆ, ಬಾಡಿಗೆ ಕರಾರೂ ಇದೆ, ಆದ್ರೆ ನೋಂದಣಿ ಆಗಿರೋ ಕರಾರು. ಬೆಂಗಳೂರಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟನ್ನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ತಗೊಂಡು ಹೋಗೋ ಓನರ್ ಎಲ್ಲಿದಾರೆ ಹೇಳಿ, ಇ-ಸ್ಟಾಂಪ್ ಪೇಪರಲ್ಲಿ ಎರಡು ಸೈನು, ಮುಗೀತು. ಕರೆಂಟ್ ಬಿಲ್ ಓನರ್ ಹೆಸರಲ್ಲಿ, ಆಧಾರ್ ಊರಿನ ವಿಳಾಸದಲ್ಲಿ. ಹಂಗಾಗಿ ಮೊದಲು ಆಧಾರ್ ವಿಳಾಸ ಇಲ್ಲ ಬ್ಯಾಂಕ್ ವಿಳಾಸ ಬದಲಾಯಿಸ್ಕೊಂಡು ಆಮೇಲೆ ಈ ಕಡೆ ಬನ್ನಿ ಅನ್ನೋದೇ ನಾನು ಎಲ್ರಿಗೂ ಹೇಳೋ ಮಾತು. ಹಾಸ್ಟೆಲಲ್ಲಿರೋ ವಿದ್ಯಾರ್ಥಿಗಳು ಹಾಸ್ಟೆಲ್ ಇರೋ ಊರಲ್ಲಾದ್ರೂ ಸೇರಬಹುದು, ಅಪ್ಪ ಅಮ್ಮ ಇರೋ ಊರಲ್ಲಾದ್ರೂ ಸೇರಬಹುದು, ಆಯ್ಕೆ ಅವರದ್ದು. ಒಂದು ವಿಷಯ ನನಗೆ ಬಹಳ ಇಷ್ಟ: ಮನೆನೇ ಇಲ್ಲದೆ ಫುಟ್‌ಪಾತಲ್ಲಿ ಮಲಗೋರಿಗೆ ವಿಳಾಸದ ದಾಖಲೆ ಬೇಕಾಗಿಲ್ಲ, ಬಿಎಲ್‌ಒ ಒಂದಕ್ಕಿಂತ ಹೆಚ್ಚು ರಾತ್ರಿ ಹೋಗಿ ಆ ಮನುಷ್ಯ ಅಲ್ಲೇ ಮಲಗ್ತಾನಾ ಅಂತ ನೋಡಿ ಬರೀಬೇಕು ಅನ್ನೋದು ಆಯೋಗದ ನಿಯಮ. ಆಗತ್ತೋ ಬಿಡತ್ತೋ, ಬರೆದೋನಿಗೆ ಒಂದು ನಮಸ್ಕಾರ.

ನಾಲ್ಕನೇದು ನನಗೇ ಆಗಿದ್ದು. ಊರಿಂದ ಇಲ್ಲಿಗೆ ವೋಟ್ ವರ್ಗ ಮಾಡ್ಸೋಕೆ ಫಾರ್ಮ್ 8 ಹಾಕ್ದೆ, ದಾಖಲೆ ಎಲ್ಲ ಸರಿ ಇತ್ತು, ಒಂದು ತಿಂಗಳಾದ್ಮೇಲೆ ನೋಡಿದ್ರೆ ತಿರಸ್ಕೃತ. ಕಾರಣ, ವಿಳಾಸದಲ್ಲಿ ವ್ಯಕ್ತಿ ಸಿಗಲಿಲ್ಲ. ಸಿಗೋದು ಹೆಂಗೆ, ಗಂಡ ಹೆಂಡ್ತಿ ಇಬ್ರೂ ಎಂಟಕ್ಕೆ ಮನೆ ಬಿಟ್ರೆ ರಾತ್ರಿ ಎಂಟಕ್ಕೆ ವಾಪಸ್, ಬಿಎಲ್‌ಒ ಬಂದಿದ್ದು ಮಧ್ಯಾಹ್ನ, ಪಕ್ಕದ ಮನೆಯೋರಿಗೆ ನಮ್ಮ ಮುಖ ಗೊತ್ತು ಹೆಸರು ಗೊತ್ತಿಲ್ಲ. ಸಿಟ್ಟು ನೆತ್ತಿಗೇರ್ತು. ಮತ್ತೆ ಅರ್ಜಿ ಹಾಕಿ, ಈ ಸಲ ಪೋರ್ಟಲಲ್ಲೇ ನಮ್ಮ ಬೂತಿನ ಬಿಎಲ್‌ಒ ಯಾರು ಅಂತ ನೋಡಿ ಫೋನ್ ಮಾಡ್ದೆ. ಶಾಲೆ ಮೇಷ್ಟ್ರು. "ಸಾರ್ ನನಗೆ ಸಾವಿರಕ್ಕೂ ಮೇಲೆ ಹೆಸರಿದೆ, ಶಾಲೆ ಬಿಟ್ಮೇಲೆ ಬರ್ಲಾ" ಅಂದ್ರು, ಸಂಜೆ ಆರೂವರೆಗೆ ಬಂದ್ರು, ಬಾಗಿಲಲ್ಲೇ ನಿಂತು ಎರಡು ನಿಮಿಷದಲ್ಲಿ ಫೋನಲ್ಲಿ ಏನೋ ಒತ್ತಿ ಹೋದ್ರು, ಕಾಫಿ ಬೇಡ ಇನ್ನೂ ನಾಲ್ಕು ಮನೆ ಇದೆ ಅಂದ್ರು. ಅವತ್ತಿಂದ ನನಗೆ ಯಾರ ಮೇಲೂ ಸಿಟ್ಟಿಲ್ಲ. ಇಡೀ ಆನ್‌ಲೈನ್ ವ್ಯವಸ್ಥೆ ಕೊನೆಗೆ ಬಂದು ನಿಲ್ಲೋದು ಇಂಥ ಒಬ್ಬ ಸುಸ್ತಾದ ಮೇಷ್ಟ್ರ ಚಪ್ಪಲಿ ಮೇಲೆ. ಗೇಟೆಡ್ ಅಪಾರ್ಟ್‌ಮೆಂಟ್ ಆದ್ರೆ ಇನ್ನೂ ಕಷ್ಟ, ಸೆಕ್ಯೂರಿಟಿ ಒಳಗೇ ಬಿಡಲ್ಲ, ಆಮೇಲೆ ನಮ್ಮ ಇಡೀ ಬ್ಲಾಕ್ ಹೆಸರೇ ಇಲ್ಲ ಅಂತ ಅಸೋಸಿಯೇಷನ್ ಗ್ರೂಪಲ್ಲಿ ಜಗಳ. ಈಗ ಬಿಎಲ್‌ಒಗೆ ಕಾಲ್ ಬುಕ್ ಮಾಡೋ ಆಪ್ಷನ್ ಕೊಟ್ಟಿದಾರೆ, 1950 ಸಹಾಯವಾಣಿ ಇದ್ದೇ ಇದೆ.

ಬಾಗಿಲಿಗೆ ಬಂದೋರ ಗುರುತಿನ ಚೀಟಿನೂ ನೋಡಿ. 2022ರ ನವೆಂಬರಲ್ಲಿ ಬೆಂಗಳೂರಲ್ಲಿ ಒಂದು ಖಾಸಗಿ ಸಂಸ್ಥೆಯೋರು ಬಿಎಲ್‌ಒ ಅಂತ ಕಾರ್ಡ್ ತೋರಿಸ್ಕೊಂಡು ಮನೆಮನೆ ಮಾಹಿತಿ ತಗೊಂಡ್ರು ಅನ್ನೋ ಆರೋಪ ಎದ್ದು, ಅಧಿಕಾರಿಗಳು ಸಸ್ಪೆಂಡ್ ಆಗಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಮೂರು ಕ್ಷೇತ್ರದ ಪಟ್ಟಿನ ಮತ್ತೆ ಪರಿಶೀಲನೆ ಮಾಡಿ ಅಂತ ಆಯೋಗ ಹೇಳ್ಬೇಕಾಯ್ತು.

ಈಗ ಎಲ್ಲಕ್ಕಿಂತ ದೊಡ್ಡ ವಿಷಯ. ನಾನು ಮೇಲೆ ಅಂಚೆ ಡಬ್ಬ ಅಂದ್ನಲ್ಲ, ಆ ಡಬ್ಬಕ್ಕೆ ನಿಮ್ಮ ಹೆಸರಲ್ಲಿ ಬೇರೆ ಯಾರೋ ಕಾಗದ ಹಾಕಿದ್ರೆ?

ಇದು ಊಹೆ ಅಲ್ಲ, ಕಲಬುರಗಿ ಜಿಲ್ಲೆ ಆಳಂದದಲ್ಲಿ ಆಯ್ತು. ಫಾರ್ಮ್ 7 ಅಂತ ಒಂದಿದೆ, ಪಟ್ಟಿಲಿರೋ ಹೆಸರು ತೆಗೀರಿ ಅಂತ ಕೇಳೋ ಫಾರ್ಮು. ಸತ್ತೋರದ್ದು, ಊರು ಬಿಟ್ಟೋರದ್ದು ತೆಗೆಸೋಕೆ ಇರೋದು, ನಮ್ಮ ಮನೆಯೋರದ್ದೇ ಆಗ್ಬೇಕು ಅಂತಿಲ್ಲ, ಅದೇ ಕ್ಷೇತ್ರದ ಮತದಾರರು ಬೇರೆಯೋರ ಬಗ್ಗೆನೂ ಹಾಕಬಹುದು. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಆನ್‌ಲೈನಲ್ಲಿ ಬಂದ ಫಾರ್ಮ್ 7 ಎಷ್ಟು ಅಂದ್ರೆ 6,018. ಬಿಎಲ್‌ಒ ಒಬ್ಬರಿಗೆ ತಮ್ಮದೇ ಸಂಬಂಧಿಕರ ಹೆಸರು ತೆಗೀರಿ ಅನ್ನೋ ಅರ್ಜಿ ಕಂಡು, ಅರ್ಜಿ ಹಾಕಿದ್ದಾರೆ ಅಂತ ಹೆಸರಿದ್ದೋರನ್ನ ಕೇಳಿದ್ರೆ "ನಾನು ಹಾಕೇ ಇಲ್ಲ" ಅಂದ್ರು. ಅಲ್ಲಿಂದ ದಾರ ಬಿಚ್ಕೊಳ್ತು. ಒಂದೊಂದನ್ನೂ ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿ ಇದ್ದಿದ್ದು 24, ಉಳಿದ 5,994 ಸುಳ್ಳು. ಅವನ್ನ ತಿರಸ್ಕರಿಸಿ 2023ರ ಫೆಬ್ರವರಿಲಿ ನೋಂದಣಾಧಿಕಾರಿಗಳೇ ಪೊಲೀಸ್ ದೂರು ಕೊಟ್ರು. ಸುಮಾರು ಆರು ಸಾವಿರ ಅಂದ್ರೆ ಏನು ಅಂತ ಅಂದಾಜಿಗೆ: ಅದಕ್ಕೂ ಹಿಂದಿನ, 2018ರ ಚುನಾವಣೆಲಿ ಅದೇ ಆಳಂದದಲ್ಲಿ ಗೆದ್ದೋರಿಗೂ ಸೋತೋರಿಗೂ ಇದ್ದ ಅಂತರ 697 ವೋಟು.

2025ರ ಸೆಪ್ಟೆಂಬರಲ್ಲಿ ರಾಹುಲ್ ಗಾಂಧಿ ಇದನ್ನ ದೆಹಲಿಲಿ ಪತ್ರಿಕಾಗೋಷ್ಠಿ ಮಾಡಿ ಎತ್ತಿದ್ರು, ರಾಜ್ಯ ಸರ್ಕಾರ ಎಸ್‌ಐಟಿ ಮಾಡ್ತು, ಆಯೋಗ ಹೇಳಿದ್ದು ಸಾರ್ವಜನಿಕರು ಯಾರೂ ಆನ್‌ಲೈನಲ್ಲಿ ಕೂತು ಯಾರ ವೋಟನ್ನೂ ಅಳಿಸೋಕಾಗಲ್ಲ ಅಂತ. ಆ ಮಾತು ಒಂದರ್ಥದಲ್ಲಿ ಸರಿ. ಅರ್ಜಿ ಹಾಕೋದು ಬೇರೆ, ಅಳಿಸೋದು ಬೇರೆ; ಹೆಸರಿರೋರಿಗೆ ನೋಟಿಸ್ ಕೊಡದೆ, ಅವರ ಮಾತು ಕೇಳದೆ ತೆಗೆಯೋ ಹಂಗಿಲ್ಲ, ಸುಪ್ರೀಂ ಕೋರ್ಟ್ 1995ರಲ್ಲೇ ಲಾಲ್ ಬಾಬು ಹುಸೇನ್ ಕೇಸಲ್ಲಿ ಇದನ್ನ ಗಟ್ಟಿಯಾಗಿ ಹೇಳಿದೆ. ಆದ್ರೆ ನನ್ನ ಪ್ರಶ್ನೆ ಬೇರೆ. ಕಾಗದದ ಅರ್ಜಿಲಿ ಪಕ್ಷದ ಬೂತ್ ಏಜೆಂಟ್ ಒಂದು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಫಾರ್ಮ್ ಬಿಎಲ್‌ಒಗೆ ಕೊಡೋ ಹಂಗಿಲ್ಲ ಅಂತ ನಿಯಮ ಇದೆ, ಕಟ್ಟುಕಟ್ಟು ತಂದು ಸುರಿಯೋದನ್ನ ತಡೆಯೋಕೇ ಆ ನಿಯಮ. ಮೇಜಿನ ಮೇಲೆ ಆರು ಸಾವಿರ ಕಾಗದ ಹೊತ್ಕೊಂಡು ಬಂದಿಟ್ರೆ ಯಾರಪ್ಪಾ ನೀನು ಅಂತ ಕೇಳ್ದೇ ಇರ್ತಾರಾ? ಆನ್‌ಲೈನಲ್ಲಿ ಆ ಮೂಟೆ ಕಾಣ್ಸೋದಿಲ್ಲ, ಒಂದೊಂದೇ ಅರ್ಜಿಯಾಗಿ ಸೇರತ್ತೆ, ಎಲ್ಲೋ ಕೂತೋನು ಯಾರದ್ದೋ ಎಪಿಕ್ ನಂಬರ್ ಹಾಕಿ ಒತ್ತಬಹುದಿತ್ತು. ಆಳಂದದಲ್ಲಿ ಉಳಿಸಿದ್ದು ಸಾಫ್ಟ್‌ವೇರ್ ಅಲ್ಲ, ಮನೆಗೆ ಹೋಗಿ ಕೇಳಿದ ಬಿಎಲ್‌ಒಗಳು.

ಆಮೇಲೆ ಆಯೋಗ ಬೀಗ ಹಾಕ್ತು. ಅದೇ ಸೆಪ್ಟೆಂಬರಿಂದ ಆನ್‌ಲೈನ್ ಅರ್ಜಿಗೆ ಇ-ಸೈನ್ ಬಂದಿದೆ, ಅಂದ್ರೆ ಫಾರ್ಮ್ ತುಂಬಿದ್ಮೇಲೆ ಆಧಾರ್ ನಂಬರ್ ಹಾಕಿ, ಆಧಾರಿಗೆ ಲಿಂಕ್ ಆಗಿರೋ ಮೊಬೈಲಿಗೆ ಬರೋ ಓಟಿಪಿ ಕೊಟ್ರೇನೇ ಅರ್ಜಿ ಹೋಗೋದು. ಮುಂಚೆ ಯಾವ್ದೋ ಒಂದು ಫೋನ್ ನಂಬರ್ ಇದ್ರೆ ಸಾಕಿತ್ತು. ಒಳ್ಳೇದೇ. ಆದ್ರೆ ಒಂದು ಕಡೆ ಬಿಗಿ ಮಾಡಿದ್ರೆ ಇನ್ನೊಂದು ಕಡೆ ನೋವಾಗತ್ತೆ: ಆಧಾರಿಗೆ ಮೊಬೈಲ್ ಲಿಂಕ್ ಇಲ್ಲದ ಅಜ್ಜಿಗೆ, ಹೆಸರಿನ ಸ್ಪೆಲ್ಲಿಂಗ್ ಎರಡು ಕಡೆ ಎರಡು ಥರ ಇರೋ ನಮ್ಮಂಥ ಇನಿಷಿಯಲ್ ಜನಕ್ಕೆ ಈ ದಾರಿ ಇಕ್ಕಟ್ಟಾಯ್ತು. ಇದಕ್ಕೇ ನಾನು ಆಧಾರಲ್ಲಿ ಇದ್ದಂಗೇ ಬರೀರಿ ಅಂದಿದ್ದು. ವೋಟರ್ ಲಿಸ್ಟಿಗೆ ಆಧಾರ್ ಕಡ್ಡಾಯ ಅಲ್ಲ, 2023ರಲ್ಲಿ ಸುಪ್ರೀಂ ಕೋರ್ಟಲ್ಲಿ ಆಯೋಗವೇ ಹಾಗಂತ ಹೇಳಿದೆ, ಕಾಗದದಲ್ಲಿ ಅರ್ಜಿ ಕೊಡೋ ದಾರಿ ಮುಚ್ಚಿಲ್ಲ, ಆನ್‌ಲೈನಲ್ಲಿ ಆಗ್ಲಿಲ್ಲ ಅಂದ್ರೆ ಬಿಎಲ್‌ಒ ಕೈಗೇ ಫಾರ್ಮ್ ಕೊಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಪೋರ್ಟಲಲ್ಲಿ ಎರರ್ ಬಂತು ಅಂದ್ರೆ ಕಥೆ ಮುಗೀತು ಅನ್ಕೊಂಡ್ಬಿಡ್ತಾರೆ.

ಹಳ್ಳಿ ಕಡೆ ಇನ್ನೊಂದು ಸೂಕ್ಷ್ಮ ಇದೆ. ಸೈಬರ್ ಅಂಗಡಿಲಿ ಅರ್ಜಿ ಹಾಕ್ಸಿದ್ರೆ ಹುಡುಗ ಫೋನ್ ನಂಬರ್ ಕಾಲಮ್ಮಿಗೆ ತನ್ನದೇ ನಂಬರ್ ಹಾಕ್ಬಿಡ್ತಿದ್ದ, ಪಾಪ ಕೆಟ್ಟ ಉದ್ದೇಶ ಏನಿಲ್ಲ, ಅಜ್ಜನ ಹತ್ರ ಫೋನಿಲ್ಲ, ಓಟಿಪಿ ಬೇಗ ಬರ್ಲಿ ಅಂತ. ಆದ್ರೆ ಅಲ್ಲಿಂದ ಮುಂದೆ ಆ ಅರ್ಜಿ ಬಗ್ಗೆ ಬರೋ ಮೆಸೇಜೆಲ್ಲ ಅಂಗಡಿ ಹುಡುಗನಿಗೆ. ನಮ್ಮೂರಲ್ಲಿ ನೋಡ್ದೆ, ಎಷ್ಟೋ ಮನೆ ಕಾರ್ಡಿಗೆ ಒಂದೇ ನಂಬರ್, ಅವನು ಈಗ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋಗಿದಾನೆ. ನಿಮ್ಮ ಅಪ್ಪ ಅಮ್ಮಂದು ಯಾವ ನಂಬರ್ ಇದೆ ಒಂದ್ಸಲ ನೋಡಿ, ಫಾರ್ಮ್ 8ರಲ್ಲೇ ಬದಲಾಯಿಸಬಹುದು. ಅರ್ಜಿಗೆ ಸರ್ಕಾರಿ ಶುಲ್ಕ ಒಂದು ಪೈಸೆನೂ ಇಲ್ಲ, ಅಂಗಡಿಯವನು ತಗೊಳ್ಳೋದು ಅವನ ಕೆಲಸಕ್ಕೆ. ಸೈಟ್ ಹೆಸರು ವೋಟರ್ಸ್ ಡಾಟ್ ಇಸಿಐ ಡಾಟ್ ಗವ್ ಡಾಟ್ ಇನ್, ಗವ್ ಡಾಟ್ ಇನ್ ಇಲ್ಲದೇ ಇರೋ ಯಾವ ಸೈಟಿಗೂ ಆಧಾರ್ ಫೋಟೋ ಅಪ್‌ಲೋಡ್ ಮಾಡ್ಬೇಡಿ.

ವಿದೇಶದಲ್ಲಿರೋ ಕನ್ನಡಿಗರು ಕೇಳ್ತಿರ್ತಾರೆ, ದುಬೈಲಿ ಕೂತು ಹೆಸರು ಸೇರಿಸಬಹುದಾ ಅಂತ. ಸೇರಿಸಬಹುದು, ಬೇರೆ ದೇಶದ ಪೌರತ್ವ ತಗೊಂಡಿರ್ಬಾರ್ದು ಅಷ್ಟೇ, ಫಾರ್ಮ್ 6ಎ, ಪಾಸ್‌ಪೋರ್ಟಲ್ಲಿರೋ ಊರಿನ ಬೂತಿಗೆ ಹೆಸರು ಬೀಳತ್ತೆ, ವೋಟರ್ ಕಾರ್ಡ್ ಕೊಡಲ್ಲ. ಆದ್ರೆ ವೋಟ್ ಹಾಕೋಕೆ ಮಾತ್ರ ಒರಿಜಿನಲ್ ಪಾಸ್‌ಪೋರ್ಟ್ ಹಿಡ್ಕೊಂಡು ಊರಿಗೇ ಬರ್ಬೇಕು. ಆನ್‌ಲೈನ್ ಅರ್ಜಿ ಉಚಿತ, ವಿಮಾನದ ಟಿಕೆಟ್ ನಿಮ್ಮದು.

ಕೊನೆಗೆ ಟೈಮಿನ ಲೆಕ್ಕ, ಯಾಕಂದ್ರೆ ಆನ್‌ಲೈನ್ ತಾನೇ ಕೊನೇ ದಿನ ಮಾಡಿದ್ರಾಯ್ತು ಅನ್ನೋ ಧೈರ್ಯದಲ್ಲೇ ಹೆಚ್ಚು ಜನ ವೋಟ್ ಕಳ್ಕೊಳ್ಳೋದು. ನಾಮಪತ್ರ ಸಲ್ಲಿಸೋ ಕೊನೆ ದಿನದ ನಂತರ ಪಟ್ಟಿಗೆ ಯಾರ ಹೆಸರೂ ಸೇರಲ್ಲ, ವೋಟಿಂಗ್ ದಿನಕ್ಕೂ ಇದಕ್ಕೂ ಸಂಬಂಧ ಇಲ್ಲ. 2024ರ ಲೋಕಸಭೆಗೆ ಬೆಂಗಳೂರಲ್ಲಿ ಮತದಾನ ಏಪ್ರಿಲ್ 26ಕ್ಕೆ, ನಾಮಪತ್ರದ ಕೊನೆ ದಿನ ಏಪ್ರಿಲ್ 4. ಅರ್ಜಿ ಬಂದ್ಮೇಲೆ ಆಕ್ಷೇಪಣೆಗೆ ಅಂತ ಕನಿಷ್ಠ ಏಳು ದಿನ ಬಿಡ್ಬೇಕು, ಬಿಎಲ್‌ಒ ಬರ್ಬೇಕು, ಹಂಗಾಗಿ ಮಾರ್ಚ್ ಕೊನೇ ವಾರದೊಳಗೆ ಅರ್ಜಿ ಒಳಗಿರ್ಬೇಕಿತ್ತು. ಏಪ್ರಿಲ್ 15ಕ್ಕೆ ಒತ್ತಿದೋರಿಗೂ ಪೋರ್ಟಲ್ ರೆಫರೆನ್ಸ್ ನಂಬರ್ ಕೊಡತ್ತೆ, ಅದು ಮುಂದಿನ ಎಲೆಕ್ಷನ್ನಿಗೆ. ಕೈಯಲ್ಲಿ ಕಾರ್ಡ್ ಇದ್ರೆ ವೋಟ್ ಇದೆ ಅಂತ ಅಲ್ಲ, ಪಟ್ಟಿಲಿ ಹೆಸರಿದ್ರೆ ವೋಟು. ಹೆಸರಿದ್ದು ಕಾರ್ಡ್ ಇಲ್ಲ ಅಂದ್ರೆ ಆಧಾರ್, ಪ್ಯಾನ್, ಡಿಎಲ್ ಅಂಥದ್ದೇನಾದ್ರೂ ತೋರಿಸಿ ಹಾಕಬಹುದು. ಹೆಸರು ಇದ್ಯಾ ಅಂತ ಹುಡುಕೋಕೆ ಎಪಿಕ್ ನಂಬರಿಂದಲೂ ಆಗತ್ತೆ, ಹೆಸರು ಊರಿಂದಲೂ ಆಗತ್ತೆ, ಎರಡು ನಿಮಿಷ. ನಾನು ಯುಗಾದಿಗೆ ಒಂದ್ಸಲ, ದೀಪಾವಳಿಗೆ ಒಂದ್ಸಲ ಇಡೀ ಮನೆಯೋರದ್ದು ನೋಡ್ತೀನಿ, ಹೆಂಡ್ತಿ ಇದನ್ನ ಪಂಚಾಂಗ ಶ್ರವಣ ಅಂತಾಳೆ.

ಸೊಸೆದು ಇಪ್ಪತ್ತನಾಲ್ಕು ದಿನಕ್ಕೆ ಅಪ್ರೂವ್ ಆಯ್ತು, ಕಾರ್ಡ್ ಸ್ಪೀಡ್ ಪೋಸ್ಟಲ್ಲಿ ಬಂತು. ಅವಳ ಹೆಸರಲ್ಲಿ ಳ ಸರಿಯಾಗೇ ಇತ್ತು. ಅಪ್ಪನ ಹೆಸರಲ್ಲಿ ಣ ಹೋಗಿ ನ ಆಗಿತ್ತು, ಅದನ್ನ ನಾನೂ ನೋಡಿರ್ಲಿಲ್ಲ. ಫಾರ್ಮ್ 8 ಹಾಕಿದೀವಿ, ಇವತ್ತು ಬೆಳಿಗ್ಗೆ ನೋಡಿದಾಗ ಬಿಎಲ್‌ಒ ನೇಮಕ ಆಗಿದೆ ಅಂತಿತ್ತು.